ಚಳಿಗಾಲದಲ್ಲಿ ಬಾಳೆ, ಪಪ್ಪಾಯ, ಭತ್ತದ ಸಸಿಮಡಿ ಸೊರಗುವುದೇಕೆ? ತುಂಗಭದ್ರಾ ಸೀಮೆಯ ಬೆಳೆಗಾರರ ಚರ್ಚೆ

ಕಂಪ್ಲಿ ಬಾಳೆತೋಟ:

ಎಲ್ಲ ಬೆಳೆಗಾರ ಬಂಧುಗಳಿಗೆ ನಮಸ್ಕಾರ. ಕಂಪ್ಲಿಯ ಹತ್ತಿರ ಹೊಳೆಯ ಕಡೆಗೆ ಇಳಿಜಾರಾಗಿರುವ ಹೊಲದಲ್ಲಿ ನಾನು ಸುಗಂಧಿ ಮತ್ತು ಜಿ-9 ಬಾಳೆ ಬೆಳೆಯುತ್ತೇನೆ. ಬದುವಿನ ಗುಂಟ ರೆಡ್ ಲೇಡಿ ಪಪ್ಪಾಯ ಇದೆ. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಚಳಿ ಬಿಗಿಯಾದ ಮೇಲೆ ತೋಟದ ಕಳೆಯೇ ಹೋಗಿದೆ. ಹೊಸ ಎಲೆಗಳು ಬಿಳಿಚಿಕೊಂಡು ಹಳದಿಗೆ ತಿರುಗಿವೆ, ಸುಳಿ ಬಿಚ್ಚುವುದು ತೀರ ನಿಧಾನವಾಗಿದೆ, ಎಲೆಯ ದಂಟುಗಳು ಗಿಡ್ಡವಾಗಿ ತಲೆಯಲ್ಲಿ ಒತ್ತೊತ್ತಾಗಿ ನಿಂತಿವೆ. ಗೊನೆ ಹಾಕುವ ಹೊತ್ತಿಗೆ ಬಂದ ಕೆಲವು ಗಿಡಗಳಲ್ಲಿ ಗೊನೆ ಪೂರ್ತಿ ಹೊರಗೆ ಬಾರದೆ ಕೊರಳಲ್ಲೇ ಸಿಕ್ಕಿಕೊಂಡಿದೆ. ಇನ್ನು ಪಪ್ಪಾಯದ ವಿಷಯ ನನಗೆ ಅರ್ಥವೇ ಆಗುತ್ತಿಲ್ಲ. ನೆಲದಲ್ಲಿ ಸಾಕಷ್ಟು ಹಸಿ ಇದ್ದರೂ ಬೆಳಗಿನ ಎಂಟು ಒಂಬತ್ತು ಗಂಟೆಯ ಬಿಸಿಲಿಗೆ ಎಲೆಗಳು ನೀರಿಲ್ಲದ ಗಿಡದವುಗಳಂತೆ ಜೋತು ಬೀಳುತ್ತವೆ.

ಔಷಧಿ ಅಂಗಡಿಯಲ್ಲಿ ಕೇಳಿದರೆ ಒಬ್ಬರು ಎಲೆಚುಕ್ಕೆ ರೋಗವೆಂದು ಶಿಲೀಂಧ್ರನಾಶಕ ಕೊಡಲು ಮುಂದಾದರು, ಇನ್ನೊಬ್ಬರು ಇದು ಬಂಚಿ ಟಾಪ್ ನಂಜುರೋಗ, ಗಿಡಗಳನ್ನು ಕಿತ್ತು ಹಾಕಿ ಎಂದರು. ಆದರೆ ನಮ್ಮ ಹೊಲಕ್ಕಿಂತ ಎತ್ತರದಲ್ಲಿರುವ ಪಕ್ಕದವರ ತೋಟದಲ್ಲಿ ಅದೇ ಬಾಳೆಕಂದು (ನೆಡುವ ಮರಿಗಿಡ), ಅದೇ ಗೊಬ್ಬರ, ಅದೇ ನೀರು ಇದ್ದೂ ಗಿಡಗಳು ಲಕಲಕ ಎನ್ನುತ್ತಿವೆ. ಚಳಿಯಿಂದಲೇ ಹೀಗಾಗಿರಬಹುದೇ? ನಮ್ಮದೇನು ಹಿಮ ಬೀಳುವ ಸೀಮೆಯಲ್ಲ. ಔಷಧಿಗೆ ಹಣ ಸುರಿಯುವ ಮುನ್ನ ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ರಾಯಚೂರು ತೋಟಗಾರಿಕೆ:

ಅಣ್ಣಾವರೇ, ನೀವು ಹೇಳಿದ ಲಕ್ಷಣಗಳಲ್ಲಿ ಹೆಚ್ಚಿನವು ಶೀತಹಾನಿಯ ಲಕ್ಷಣಗಳೇ. ಹಿಮದ ಹಾನಿ ಬೇರೆ, ಶೀತದ ಹಾನಿ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಗಿಡದ ಅಂಗಾಂಶದಲ್ಲಿ ಮಂಜುಗಡ್ಡೆ ಕಟ್ಟಿ, ಕೋಶಗಳು ನೀರು ಕಳೆದುಕೊಂಡು ಸಾಯುವುದು ಹಿಮಹಾನಿ. ಅದು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಸಮಸ್ಯೆಯಲ್ಲ. ಆದರೆ ಉಷ್ಣವಲಯದಲ್ಲಿ ಹುಟ್ಟಿ ಬೆಳೆದ ಬಾಳೆ, ಪಪ್ಪಾಯ, ವೀಳ್ಯದೆಲೆ, ಸೌತೆ, ಟೊಮೆಟೊ, ಭತ್ತದಂಥ ಸಸ್ಯಗಳಿಗೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಎಷ್ಟೋ ಮೇಲೆಯೇ, ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ತೊಂದರೆ ಆರಂಭವಾಗುತ್ತದೆ. ಬಾಳೆಯ ಬೆಳವಣಿಗೆಯಂತೂ 16 ಡಿಗ್ರಿಯ ಕೆಳಗೇ ಗಣನೀಯವಾಗಿ ಕುಂಠಿತವಾಗುತ್ತದೆ. ಡಿಸೆಂಬರ್ ಜನವರಿಯಲ್ಲಿ ನಮ್ಮ ಸೀಮೆಯ ಸರಾಸರಿ ಕನಿಷ್ಠ ಉಷ್ಣಾಂಶ 16-18 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಶೀತಗಾಳಿಯ ದಿನಗಳಲ್ಲಿ ಅದು 12 ಡಿಗ್ರಿಗೂ ಅದಕ್ಕಿಂತ ಕೆಳಕ್ಕೂ ಇಳಿಯುವುದುಂಟು.

ಹಾನಿ ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ವಿಜ್ಞಾನಿಗಳು ಮುಖ್ಯವಾಗಿ ಕೋಶಪೊರೆಯನ್ನು ತೋರಿಸುತ್ತಾರೆ. ಪ್ರತಿಯೊಂದು ಜೀವಕೋಶವನ್ನೂ ಸುತ್ತುವರಿದಿರುವ ಈ ಪೊರೆ ಕೊಬ್ಬಿನ ಅಂಶಗಳಿಂದ ಆದದ್ದು. ಚಳಿಗಾಲದಲ್ಲಿ ಅಡುಗೆಮನೆಯ ಒಂದೇ ಕಟ್ಟೆಯ ಮೇಲಿದ್ದರೂ ತುಪ್ಪ ಗಟ್ಟಿಯಾಗುತ್ತದೆ, ಕುಸುಬೆ ಎಣ್ಣೆ ಆಗುವುದಿಲ್ಲ. ತುಪ್ಪದಲ್ಲಿ ಸಂತೃಪ್ತ ಕೊಬ್ಬಿನಾಮ್ಲಗಳು ಹೆಚ್ಚು, ಕುಸುಬೆಯಲ್ಲಿ ಅಸಂತೃಪ್ತ ಕೊಬ್ಬಿನಾಮ್ಲಗಳು ಹೆಚ್ಚು. ಗಿಡದ ಕೋಶಪೊರೆಯಲ್ಲಿಯೂ ಇದೇ ರಸಾಯನಶಾಸ್ತ್ರ ನಡೆಯುತ್ತದೆ. ತಂಪು ಸೀಮೆಯ ಗಿಡಗಳ ಪೊರೆ ಚಳಿಯಲ್ಲಿಯೂ ಸಡಿಲವಾಗಿ ಉಳಿಯುತ್ತದೆ, ಬಾಳೆಯಂಥವುಗಳ ಪೊರೆಯ ಕೆಲವು ಭಾಗಗಳು ಬಿಗಿದುಕೊಳ್ಳುತ್ತವೆ. ಬಿಗಿದ ಪೊರೆಯಲ್ಲಿ ಸೀಳುಗಳುಂಟಾಗಿ ಕೋಶದೊಳಗಿನ ಪೊಟ್ಯಾಸಿಯಂ ಮುಂತಾದ ಲವಣಗಳು ಹೊರಕ್ಕೆ ಸೋರುತ್ತವೆ, ಪೊರೆಯಲ್ಲಿ ಕುಳಿತು ಕೆಲಸ ಮಾಡುವ ಕಿಣ್ವಗಳು ನಿಧಾನವಾಗುತ್ತವೆ. 1992ರಲ್ಲಿ ಜಪಾನಿನ ನೊರಿಯೋ ಮುರಾಟ ಮತ್ತು ಸಂಗಡಿಗರು ತಂಬಾಕಿನ ಗಿಡಕ್ಕೆ ಕುಂಬಳ ಜಾತಿಯ ಗಿಡದಿಂದ ಒಂದು ಜೀನನ್ನು ಸೇರಿಸಿದಾಗ ಅದರ ಪೊರೆಯಲ್ಲಿ ಸಂತೃಪ್ತ ಅಂಶ ಹೆಚ್ಚಿ ಅದು ಚಳಿಗೆ ಸುಲಭವಾಗಿ ಬಾಡಿತು. ಸಾಸಿವೆ ಕುಟುಂಬದ ಒಂದು ಪುಟ್ಟ ಸಸ್ಯದಿಂದ ಅಂಥದೇ ಜೀನನ್ನು ಸೇರಿಸಿದಾಗ ಚಳಿಯನ್ನು ತಡೆಯುವ ಶಕ್ತಿ ಹೆಚ್ಚಿತು. ಪೊರೆಯ ಕೊಬ್ಬಿಗೂ ಚಳಿಗೂ ಸಂಬಂಧವಿದೆ ಎಂಬುದಕ್ಕೆ ಇದು ಬಹಳ ಸ್ಪಷ್ಟವಾದ ಪುರಾವೆ.

ಬಂಚಿ ಟಾಪ್ ಹೌದೋ ಅಲ್ಲವೋ ಎಂಬುದನ್ನು ನೀವೇ ನೋಡಬಹುದು. ಹೊಸ ಎಲೆಯೊಂದನ್ನು ಬಿಸಿಲಿಗೆ ಎತ್ತಿ ಹಿಡಿದು, ಅದರ ಕೆಳಮೈಯಲ್ಲಿ ನಡುದಿಂಡಿನ ಪಕ್ಕದ ಸಣ್ಣ ನರಗಳನ್ನು ಗಮನಿಸಿರಿ. ನಂಜುರೋಗವಿದ್ದರೆ ಅಲ್ಲಿ ಕಡು ಹಸಿರು ಬಣ್ಣದ ಚುಕ್ಕೆ ಮತ್ತು ತುಂಡು ಗೆರೆಗಳು ಸಾಲಾಗಿ ಕಾಣುತ್ತವೆ, ಎಲೆಯ ದಂಟಿನ ಮೇಲೂ ಅಂಥವೇ ಗೀರುಗಳಿರುತ್ತವೆ, ಎಲೆಗಳು ನೆಟ್ಟಗೆ ಮೇಲಕ್ಕೆ ನಿಂತು ಅಂಚು ಹಳದಿಯಾಗಿರುತ್ತದೆ. ಚಳಿಯಿಂದ ದಂಟು ಗಿಡ್ಡವಾದ ಗಿಡದಲ್ಲಿ ಈ ಗೀರುಗಳು ಇರುವುದಿಲ್ಲ. ಅದನ್ನು ನೋಡದೆ ಗಿಡ ಕೀಳಬೇಡಿರಿ ಎಂದು ಕೈಮುಗಿದು ಕೇಳುತ್ತೇನೆ.

ಗಂಗಾವತಿ ಭತ್ತ:

ಅಕ್ಕಾವರ ವಿವರಣೆ ಚೆನ್ನಾಗಿದೆ, ಆದರೂ ನನ್ನದೊಂದು ಸಂಶಯ. ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ನಮ್ಮ ಕಡೆಯ ಕನಿಷ್ಠ ಉಷ್ಣಾಂಶ 14 ಡಿಗ್ರಿ ಎಂದು ತೋರಿಸಿದ ದಿನಗಳಲ್ಲಿಯೇ ನಮ್ಮ ಬೇಸಿಗೆ ಬೆಳೆಯ ಸಸಿಮಡಿ ಹಳದಿಯಾಗಿ ಕೂತುಬಿಟ್ಟಿತು. ಕೆಲವು ಸಸಿಗಳ ಎಲೆಯ ಮೇಲೆ ಅಡ್ಡಕ್ಕೆ ಬಿಳಿಯ ಪಟ್ಟೆಗಳು ಬಂದಿವೆ. ಹತ್ತು ಹದಿಮೂರು ಡಿಗ್ರಿಯ ಕೆಳಗೆ ಮಾತ್ರ ಹಾನಿ ಎಂದರೆ 14 ಡಿಗ್ರಿಯಲ್ಲಿ ಹೀಗೇಕೆ? ಇದು ಸತುವಿನ ಕೊರತೆ ಎಂದು ನಮ್ಮ ಊರಿನವರು ಹೇಳುತ್ತಾರೆ. ಇನ್ನು ಕಂಪ್ಲಿಯವರು ಹೇಳಿದ ಎತ್ತರ ತಗ್ಗಿನ ವಿಷಯ ನಮ್ಮಲ್ಲಿಯೂ ನಿಜ. ಹಳ್ಳದ ಮಗ್ಗುಲಿನ ಮಡಿಗಳೇ ಮೊದಲು ಕೆಡುತ್ತವೆ.

ರಾಯಚೂರು ತೋಟಗಾರಿಕೆ:

ಗಂಗಾವತಿ ಅಣ್ಣಾವರ ಪ್ರಶ್ನೆ ಈ ವಿಷಯದ ತಿರುಳಿಗೇ ಕೈಹಾಕಿದೆ. ಹವಾಮಾನ ವರದಿಯ ಅಂಕಿ ಗಾಳಿಯ ಉಷ್ಣಾಂಶದ್ದು, ಎಲೆಯದಲ್ಲ. ವೀಕ್ಷಣಾಲಯದಲ್ಲಿ ಉಷ್ಣಮಾಪಕವನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ. ಮೋಡವಿಲ್ಲದ, ಗಾಳಿಯಿಲ್ಲದ, ಒಣ ಹವೆಯ ರಾತ್ರಿಯಲ್ಲಿ ಬಯಲಿನಲ್ಲಿರುವ ಎಲೆ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಸೂಸುತ್ತದೆ. ಅದಕ್ಕೆ ಮರಳಿ ಸಿಗುವ ಶಾಖ ಕಡಿಮೆ. ಹೀಗಾಗಿ ಎಲೆಯ ಮೈ ಸುತ್ತಲಿನ ಗಾಳಿಗಿಂತ ಎರಡರಿಂದ ನಾಲ್ಕು ಡಿಗ್ರಿ ಹೆಚ್ಚು ತಣ್ಣಗಾಗಬಹುದು. ವರದಿಯ 14 ಡಿಗ್ರಿ ಎಂದರೆ ನಿಮ್ಮ ಮಡಿಯ ಎಲೆಗೆ 11 ಡಿಗ್ರಿ ಇರಬಹುದು. ಡಿಸೆಂಬರ್ ಜನವರಿಯಲ್ಲಿ ನಮ್ಮ ಬಯಲುಸೀಮೆಯ ಆಕಾಶ ಹೆಚ್ಚಾಗಿ ನಿರ್ಮಲವಾಗಿರುತ್ತದೆ, ಹವೆಯಲ್ಲಿ ತೇವ ಕಡಿಮೆ, ಆದ್ದರಿಂದ ಈ ವ್ಯತ್ಯಾಸ ಕರಾವಳಿಗಿಂತ ಇಲ್ಲಿಯೇ ಹೆಚ್ಚು. ಮೋಡ ಕವಿದ ರಾತ್ರಿ ಅಥವಾ ಮೂಡಗಾಳಿ ಜೋರಾಗಿ ಬೀಸುವ ರಾತ್ರಿ ನಮಗೆ ಚಳಿ ಹೆಚ್ಚೆನಿಸಿದರೂ, ಎಲೆ ಮತ್ತು ಗಾಳಿಯ ನಡುವಿನ ಈ ಅಂತರ ಕಡಿಮೆಯಿರುತ್ತದೆ.

ತಗ್ಗಿನ ವಿಷಯವೂ ಇದರಿಂದಲೇ ತಿಳಿಯುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನ ಗುಂಟ ಕೆಳಗೆ ಹರಿದು ಹಳ್ಳ, ಹೊಳೆಯ ದಂಡೆ, ಎತ್ತರದ ಬದುವಿನ ಹಿಂದಿನ ತಗ್ಗುಗಳಲ್ಲಿ ಮಡುಗಟ್ಟುತ್ತದೆ. ಕಂಪ್ಲಿ ಅಣ್ಣಾವರ ತೋಟದ ಕೆಳಗಡೆ ದಟ್ಟವಾದ ಬೇಲಿ ಅಥವಾ ಬದುವಿದ್ದು ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ, ಅಲ್ಲಲ್ಲಿ ಸಂದು ಬಿಡಿಸಿ ನೋಡಬಹುದು.

ಸತುವಿನ ಕೊರತೆಯ ಮಾತನ್ನು ತಳ್ಳಿಹಾಕುವಂತಿಲ್ಲ. ತಣ್ಣನೆಯ ನೆಲದಲ್ಲಿ ಬೇರುಗಳು ಸತು ಮತ್ತು ರಂಜಕವನ್ನು ಸರಿಯಾಗಿ ಹೀರುವುದಿಲ್ಲ, ಆದ್ದರಿಂದ ಚಳಿ ಕೊರತೆಯನ್ನು ಹೆಚ್ಚಿಸುತ್ತದೆ. ಸತುವಿನ ಕೊರತೆಯಲ್ಲಿ ಎಲೆಯ ಬುಡದ ಕಡೆ ನಡುನರ ಬಿಳಿಚಿ, ಹಳೆಯ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಏಳುತ್ತವೆ. ಸಾಮಾನ್ಯವಾಗಿ ನಾಟಿಯಾದ ಎರಡು ಮೂರು ವಾರಗಳಲ್ಲಿ ಕಾಣುತ್ತದೆ. ಸಸಿಗಳ ಎಲೆಯಲ್ಲಿ ಒಂದೇ ಎತ್ತರದಲ್ಲಿ ಅಡ್ಡ ಬಿಳಿ ಪಟ್ಟೆ ಬಂದಿದ್ದರೆ, ಆ ಭಾಗ ಸುಳಿಯಲ್ಲಿದ್ದ ರಾತ್ರಿಗಳ ಚಳಿಯೇ ಅಲ್ಲಿ ಅಚ್ಚಾಗಿದೆ ಎಂದು ತಿಳಿಯಬೇಕು.

ಸಿಂಧನೂರು ಸಸ್ಯಪಾಲನೆ:

ನಾವು ಟೊಮೆಟೊ, ಮೆಣಸಿನಕಾಯಿ, ಬದನೆ, ಕಲ್ಲಂಗಡಿ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ಕೊಡುತ್ತೇವೆ. ಕಂಪ್ಲಿಯವರು ಕೇಳಿದ ಪಪ್ಪಾಯದ ಪ್ರಶ್ನೆಗೆ, ಅಂದರೆ ಹಸಿ ನೆಲದಲ್ಲಿಯೂ ಬೆಳಿಗ್ಗೆ ಎಲೆ ಜೋತು ಬೀಳುವುದಕ್ಕೆ, ನಮ್ಮ ಟ್ರೇಗಳಲ್ಲಿ ಪ್ರತಿವರ್ಷ ಉತ್ತರ ಕಾಣುತ್ತದೆ. ಬೇರು ತಣ್ಣಗಾದಾಗ ಅದರ ಕೋಶಗಳು ನೀರನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ. ತಣ್ಣನೆಯ ನೀರು ಸ್ವಲ್ಪ ಮಂದವಾಗಿ ಹರಿಯುವುದೂ ಇದಕ್ಕೆ ಸೇರುತ್ತದೆ. ಆದರೆ ಶೀತ ತಡೆಯದ ಗಿಡಗಳ ಎಲೆಯ ಪತ್ರರಂಧ್ರಗಳು ಚಳಿಯ ರಾತ್ರಿಯ ಬಳಿಕ ಬೇಗ ಮುಚ್ಚಿಕೊಳ್ಳುವುದಿಲ್ಲ. ಸೂರ್ಯ ಏರಿದೊಡನೆ ಎಲೆ ನೀರು ಆರಿಸಿಕೊಳ್ಳುತ್ತದೆ, ಬೇರು ಪೂರೈಸುವುದಿಲ್ಲ, ಗಿಡ ಬಾಡುತ್ತದೆ. ಇದನ್ನು ನೋಡಿ ನೀರು ಸಾಲದೆಂದು ಮತ್ತೆ ಮತ್ತೆ ಹಾಯಿಸಿದರೆ, ವಿಶೇಷವಾಗಿ ಎರೆ ಭೂಮಿಯಲ್ಲಿ, ಬೇರಿಗೆ ಗಾಳಿಯೂ ಇಲ್ಲದಂತಾಗಿ ಕೊಳೆಯುತ್ತದೆ. ಪಪ್ಪಾಯಕ್ಕೆ ಇದು ಪ್ರಾಣಾಂತಿಕ.

ಎರಡನೆಯದು ಬೆಳಗಿನ ಬಿಸಿಲು. ಚಳಿಯಿಂದ ದ್ಯುತಿಸಂಶ್ಲೇಷಣೆಯ ಕಿಣ್ವಗಳು ನಿಧಾನವಾಗಿರುವಾಗ ಎಲೆಯ ಮೇಲೆ ಪ್ರಖರ ಬೆಳಕು ಬಿದ್ದರೆ, ಪತ್ರಹರಿತ್ತು ಹಿಡಿದ ಶಕ್ತಿಯನ್ನು ಬಳಸಿಕೊಳ್ಳಲು ಗಿಡಕ್ಕೆ ಆಗುವುದಿಲ್ಲ. ಆ ಹೆಚ್ಚುವರಿ ಶಕ್ತಿಯಿಂದ ಎಲೆಯೊಳಗೆ ಉಗ್ರವಾದ ಆಮ್ಲಜನಕ ರೂಪಗಳು ಹುಟ್ಟಿ ಪತ್ರಹರಿತ್ತನ್ನೂ ಪೊರೆಯನ್ನೂ ಸುಡುತ್ತವೆ. ನಮ್ಮ ಶೆಡ್ಡಿನ ಪೂರ್ವದ ಅಂಚಿನಲ್ಲಿರುವ ಸೌತೆ ಸಸಿಗಳ ಎಲೆ ಮೊದಲು ಬಿಳಿಚುವುದು ಇದೇ ಕಾರಣಕ್ಕೆ. ಅದೇ ರಾತ್ರಿಯ ಅದೇ ಚಳಿಯನ್ನುಂಡ ಒಳಸಾಲಿನ ಸಸಿಗಳು ಹಸಿರಾಗಿಯೇ ಉಳಿದಿರುತ್ತವೆ. ಆದ್ದರಿಂದ ಚಳಿ ಹೆಚ್ಚಿದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ ಹತ್ತರವರೆಗೆ ಪೂರ್ವದ ಕಡೆ ನೆರಳು ಪರದೆ ಇಳಿಬಿಡುತ್ತೇವೆ. ರಾತ್ರಿ ಹೊದಿಸುವ ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗದಂತೆ ಬಿದಿರಿನ ಕಮಾನಿನ ಮೇಲೆ ನಿಲ್ಲಬೇಕು, ತಾಗಿದ ಕಡೆ ಎಲೆ ಹಾಳೆಯಷ್ಟೇ ತಣ್ಣಗಾಗುತ್ತದೆ. ಬಿಸಿಲೇರಿದ ಮೇಲೆ ಅದನ್ನು ತೆಗೆಯಲೇಬೇಕು.

ಸಸಿ ಕೊಳ್ಳುವವರಿಗೆ ಒಂದು ಮಾತು. ಆಂಧ್ರದ ಕಡಿಯಂ ಕಡೆಯಿಂದ ಬರುವ ಅಲಂಕಾರಿಕ ಗಿಡಗಳು ಗೋದಾವರಿ ಬಯಲಿನ ಬೆಚ್ಚನೆಯ ತೇವದ ಹವೆಯಲ್ಲಿ, ನೆರಳಿನಲ್ಲಿ ಬೆಳೆದವು. ಅವನ್ನು ಜನವರಿಯಲ್ಲಿ ತಂದು ನೇರವಾಗಿ ಬಯಲಿಗಿಟ್ಟರೆ ತಡೆಯುವುದಿಲ್ಲ. ಉಷ್ಣಾಂಶ ಮೆಲ್ಲಮೆಲ್ಲನೆ ಇಳಿದರೆ ಗಿಡ ತನ್ನ ಪೊರೆಯ ಕೊಬ್ಬನ್ನು ಸ್ವಲ್ಪಮಟ್ಟಿಗೆ ಬದಲಿಸಿಕೊಂಡು, ಪ್ರೋಲಿನ್‌ನಂಥ ರಕ್ಷಕ ವಸ್ತುಗಳನ್ನು ಕೂಡಿಸಿಕೊಂಡು ಹದಗೊಳ್ಳುತ್ತದೆ. ನಾವು ಸಸಿ ಕೊಡುವ ಮುನ್ನ ನೀರನ್ನೂ ಯೂರಿಯಾವನ್ನೂ ಕಡಿಮೆ ಮಾಡಿ ಹೊರಗಿನ ಹವೆಗೆ ಒಡ್ಡುವುದು ಇದಕ್ಕಾಗಿಯೇ. ನೀರು ಕುಡಿಸಿ ಗೊಬ್ಬರ ತಿನ್ನಿಸಿ ಕಡುಹಸಿರಾಗಿ ಬೆಳೆಸಿದ ಎಳೆಯ ಸಸಿ ನೋಡಲು ಚೆಂದ, ಚಳಿಗೆ ಮೊದಲು ಬೀಳುವುದೂ ಅದೇ.

ಬಳ್ಳಾರಿ ಮಾಳಿಗೆ ತೋಟ:

ಹೊಲದವರ ನಡುವೆ ಮನೆಯ ಗಿಡಗಳ ಮಾತು ಆಡುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಾಳಿಗೆಯ ಮೇಲೆ ಕರಿಬೇವು, ತುಳಸಿ, ದುಂಡುಮಲ್ಲಿಗೆ, ಆಂಥೂರಿಯಂ ಇವೆ. ಕರಿಬೇವು ಡಿಸೆಂಬರಿನಿಂದ ಚಿಗುರುವುದನ್ನೇ ನಿಲ್ಲಿಸಿದೆ, ತುಳಸಿಯ ಎಲೆ ಉದುರಿ ಕಡ್ಡಿಯಾಗಿದೆ, ಆಂಥೂರಿಯಂ ಎಲೆಗಳಲ್ಲಿ ನೀರು ತುಂಬಿದಂಥ ಕಪ್ಪು ಮಚ್ಚೆಗಳಿವೆ. ಇವೆಲ್ಲಕ್ಕೂ ಒಂದೇ ಕಾರಣವೇ?

ರಾಯಚೂರು ತೋಟಗಾರಿಕೆ:

ಕಾರಣ ಒಂದೇ, ತೀವ್ರತೆ ಬೇರೆ ಬೇರೆ, ಅಕ್ಕಾ. ಕರಿಬೇವಿನ ಮೊಗ್ಗುಗಳು ಸುಮಾರು 16 ಡಿಗ್ರಿಯ ಕೆಳಗೆ ನಿದ್ದೆಗೆ ಜಾರುತ್ತವೆ. ಅದು ಹಾನಿಯಲ್ಲ, ಬಿಸಿಲು ಬಂದರೆ ತಾನಾಗಿ ಚಿಗುರುತ್ತದೆ, ಈಗ ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿರಿ. ದುಂಡುಮಲ್ಲಿಗೆಯೂ ಹಾಗೆಯೇ. ಚಳಿಗಾಲದಲ್ಲಿ ಮಲ್ಲಿಗೆಯ ಬೆಲೆ ಏರಿ ಪೇಟೆಯಲ್ಲಿ ಕಾಕಡ ಹೂವು ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ. ಆಂಥೂರಿಯಂನ ಮಚ್ಚೆ ಮಾತ್ರ ನಿಜವಾದ ಗಾಯ. ಮಳೆಕಾಡಿನ ಕೆಳಸ್ತರದಲ್ಲಿ ಬೆಳೆಯುವ ಈ ಗಿಡಗಳನ್ನು ರಾತ್ರಿ ಮನೆಯೊಳಗಿಡಬೇಕು, ಟ್ಯಾಂಕಿನಲ್ಲಿ ರಾತ್ರಿಯಿಡೀ ತಣ್ಣಗಾದ ನೀರನ್ನು ಬೆಳಿಗ್ಗೆ ಎಲೆಯ ಮೇಲೆ ಸುರಿಯಬಾರದು. ಅದೇ ತರ್ಕದಿಂದ ಬಾಳೆಹಣ್ಣು, ಕಾಯಿ ಟೊಮೆಟೊ, ಕಾಮಕಸ್ತೂರಿಯನ್ನು ಫ್ರಿಜ್ಜಿನಲ್ಲಿಡಬಾರದು. ಬಾಳೆಹಣ್ಣನ್ನು ಹಡಗಿನಲ್ಲಿ ದೂರದೇಶಕ್ಕೆ ಸಾಗಿಸುವವರು ಸಹ 13-14 ಡಿಗ್ರಿಗಿಂತ ಕೆಳಗಿಳಿಸುವುದಿಲ್ಲ.

ಕುಷ್ಟಗಿ ಮಾವು ದಾಳಿಂಬೆ:

ಇಲ್ಲಿಯವರೆಗಿನ ಚರ್ಚೆ ಓದಿದವರು ಚಳಿಯೆಂದರೆ ಶತ್ರುವೆಂದೇ ತಿಳಿದಾರು. ಮಾವಿಗೆ ರಾತ್ರಿಯ ತಂಪು ಬೇಕೇ ಬೇಕು. ಡಿಸೆಂಬರ್ ಜನವರಿಯಲ್ಲಿ ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿದು ಕೆಲವು ವಾರ ಹಾಗೆಯೇ ನಿಂತರೆ ಕೇಸರ ಮಾವಿನಲ್ಲಿ ಹೂವು ಒಮ್ಮೆಲೇ ಹೊರಡುತ್ತದೆ. ಚಳಿ ಬಾರದ ವರ್ಷ ಹೂವಿನ ಬದಲು ಚಿಗುರು ಬರುತ್ತದೆ. ಹೂವು ಅರಳಿದ ಮೇಲೆ ಚಳಿ ಅತಿಯಾದರೆ ಪರಾಗ ಕೆಲಸ ಮಾಡದೆ ಕಾಯಿ ಕಚ್ಚುವುದಿಲ್ಲ, ಬೂದಿರೋಗವೂ ಸೇರಿಕೊಳ್ಳುತ್ತದೆ ಎಂಬುದು ಬೇರೆ ಮಾತು. ದಾಳಿಂಬೆ ಎಲೆ ಉದುರಿಸಿ ಚಳಿಯನ್ನು ಸಹಿಸುವ ಗಿಡ, ಅದರ ಚಿಂತೆ ಇಲ್ಲ.

ನನ್ನ ಸಲಹೆ ಇಷ್ಟೇ. ಬಾಳೆಯವರು ಬುಡಕ್ಕೆ ಒಣ ರವದಿ, ಭತ್ತದ ಹುಲ್ಲನ್ನು ದಪ್ಪವಾಗಿ ಹೊದಿಸಿ, ಬೆಳಗಿನ ಜಾವ ತೋಟದ ಸುತ್ತ ಹೊಗೆ ಹಾಕಿದರೆ ಚಳಿ ತಡೆಯಬಹುದು. ಹಿರಿಯರು ಹಾಗೆಯೇ ಮಾಡುತ್ತಿದ್ದರು.

ರಾಯಚೂರು ತೋಟಗಾರಿಕೆ:

ಮಾವಿನ ಮಾತು ಸಂಪೂರ್ಣ ಸರಿ. ಹಿರಿಯರೇ, ಹೊದಿಕೆ ಮತ್ತು ಹೊಗೆಯ ವಿಷಯದಲ್ಲಿ ಮಾತ್ರ ನಾನು ವಿನಯದಿಂದ ಭಿನ್ನಾಭಿಪ್ರಾಯ ಹೇಳಬೇಕಾಗಿದೆ.

ಹಗಲಿನಲ್ಲಿ ನೆಲ ಬಿಸಿಲಿನ ಶಾಖವನ್ನು ಕೂಡಿಟ್ಟುಕೊಂಡು ರಾತ್ರಿ ಮೇಲಿನ ಗಾಳಿಗೆ ಬಿಟ್ಟುಕೊಡುತ್ತದೆ. ದಪ್ಪ ಹುಲ್ಲಿನ ಹೊದಿಕೆ ಈ ಕೊಡುಕೊಳ್ಳುವಿಕೆಯನ್ನು ತಡೆಯುತ್ತದೆ. ಹೊದಿಕೆಯ ಕೆಳಗಿನ ಬೇರು ಬೆಚ್ಚಗಿರುತ್ತದೆ, ಆದರೆ ಹೊದಿಕೆಯ ಮೇಲಿನ ಗಾಳಿ ಬರಿ ನೆಲದ ಮೇಲಿನದಕ್ಕಿಂತ ಹೆಚ್ಚು ತಣ್ಣಗಾಗುತ್ತದೆ. ಆಳೆತ್ತರದ ಬಾಳೆಗೆ ಇದರಿಂದ ಲಾಭವೇ ಹೆಚ್ಚು, ಏಕೆಂದರೆ ಅದರ ಎಲೆಗಳು ನೆಲದಿಂದ ದೂರ ಇವೆ. ಗೇಣುದ್ದದ ಟೊಮೆಟೊ, ಕಲ್ಲಂಗಡಿ ಸಸಿಗಳ ಸಾಲಿನ ನಡುವೆ ಅದೇ ಹುಲ್ಲನ್ನು ಹಾಸಿದರೆ ಸಸಿಗಳಿಗೆ ಚಳಿ ಹೆಚ್ಚೇ ತಗಲುತ್ತದೆ. ಅಗೆದು ಸಡಿಲ ಮಾಡಿದ ಒಣ ನೆಲದ್ದೂ ಇದೇ ಕಥೆ. ಹಸಿಯಾಗಿ, ಗಟ್ಟಿಯಾಗಿ, ಕಳೆಯಿಲ್ಲದೆ ಇರುವ ನೆಲವೇ ರಾತ್ರಿ ಹೆಚ್ಚು ಶಾಖ ಕೊಡುತ್ತದೆ.

ಹೊಗೆಯ ಕಣಗಳು ಬಹಳ ಸೂಕ್ಷ್ಮವಾದುದರಿಂದ ಎಲೆಯಿಂದ ಆಕಾಶಕ್ಕೆ ಹೋಗುವ ಶಾಖದ ಕಿರಣಗಳನ್ನು ಅವು ಹೆಚ್ಚಾಗಿ ತಡೆಯುವುದಿಲ್ಲ. ಅಷ್ಟಿಷ್ಟು ಉಪಯೋಗವಾದರೆ ಅದು ಬೆಂಕಿಯ ಶಾಖದಿಂದ, ಅದೂ ಹತ್ತಿರದ ಸಾಲುಗಳಿಗೆ ಮಾತ್ರ. ಹುಲ್ಲು ಸುಟ್ಟು ಊರಿನ ಉಸಿರು ಕೆಡಿಸುವುದಕ್ಕಿಂತ ಅದನ್ನು ಬಾಳೆಯ ಬುಡಕ್ಕೆ ಹಾಕುವುದೇ ಮೇಲು.

ಸಿರವಾರ ಮೆಣಸಿನಕಾಯಿ:

ನಮ್ಮಲ್ಲಿ ಹತ್ತಿಯ ಎಲೆ ಕೆಂಪಾಗುವುದು, ಮೆಣಸಿನ ಹೂ ಉದುರುವುದು ಎರಡನ್ನೂ ಚಳಿಯ ಖಾತೆಗೆ ಬರೆಯುತ್ತಾರೆ. ಹೂವನ್ನು ಬಿಡಿಸಿ ಅಂಗೈ ಮೇಲೆ ಕೊಡವಿ ನೋಡಿದರೆ ಎಷ್ಟೋ ಸಲ ಒಳಗೆ ಥ್ರಿಪ್ಸ್ ನುಸಿಗಳು ಹರಿದಾಡುತ್ತಿರುತ್ತವೆ. ಹಾಗಿದ್ದರೆ ಅದು ಚಳಿಯ ಉದುರುವಿಕೆಯಲ್ಲ. ನುಸಿಯಿಲ್ಲದೆ, ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಕೆಳಗಿದ್ದು ಹೂ ಉದುರಿದರೆ, ಅಥವಾ ಬೀಜವಿಲ್ಲದ ಚಿಕ್ಕ ಸೊಟ್ಟ ಕಾಯಿಗಳು ಬಂದರೆ, ಪರಾಗ ಕೆಟ್ಟಿದೆ ಎಂದರ್ಥ. ಹತ್ತಿಯಲ್ಲಿಯೂ ರಾತ್ರಿಯ ತಂಪು ಕೆಂಪು ಬಣ್ಣವನ್ನು ಹೆಚ್ಚಿಸುವುದು ನಿಜ, ಆದರೆ ಕಾಯಿ ತುಂಬುವ ಹೊತ್ತಿನ ಮೆಗ್ನೀಸಿಯಂ, ಸಾರಜನಕಗಳ ಕೊರತೆ ಅದರ ಹಿಂದೆ ಎಷ್ಟೋ ಸಲ ಇರುತ್ತದೆ. ಎಲ್ಲವನ್ನೂ ಚಳಿಯ ಮೇಲೆ ಹಾಕಿ ಕೈಕಟ್ಟಿ ಕುಳಿತರೂ ನಷ್ಟವೇ.

ಗಂಗಾವತಿ ಭತ್ತ:

ನೀರಿನ ಬಗ್ಗೆ ಒಂದು ತೀರ್ಮಾನಕ್ಕೆ ಬರೋಣ. ನಮ್ಮಲ್ಲಿ ಕೆಲವರು ರಾತ್ರಿ ಮಡಿಯಲ್ಲಿ ನೀರು ನಿಲ್ಲಿಸಬೇಕು ಎನ್ನುತ್ತಾರೆ, ಕೆಲವರು ಚಳಿಯಲ್ಲಿ ನೀರು ನಿಂತರೆ ಸಸಿ ಕೊಳೆಯುತ್ತದೆ ಎನ್ನುತ್ತಾರೆ. ಕೊಳವೆಬಾವಿಯ ನೀರಿಗೂ ಕಾಲುವೆಯ ನೀರಿಗೂ ವ್ಯತ್ಯಾಸವಿದೆಯೇ? ಹೊಡೆ ಬಂದಾಗ, ಅಂದರೆ ತೆನೆ ಇನ್ನೂ ಒಳಗೇ ಇರುವಾಗ, ಚಳಿ ಬಿದ್ದರೆ ಜೊಳ್ಳಾಗುತ್ತದೆ ಎಂಬುದೂ ನಿಜವೇ?

ಸಿಂಧನೂರು ಸಸ್ಯಪಾಲನೆ:

ಬಹಳ ವ್ಯತ್ಯಾಸವಿದೆ. ಆಳದ ನೀರಿನ ಉಷ್ಣಾಂಶ ವರ್ಷವಿಡೀ ಹೆಚ್ಚು ಕಡಿಮೆ ಆ ಸ್ಥಳದ ವಾರ್ಷಿಕ ಸರಾಸರಿಯಷ್ಟೇ ಇರುತ್ತದೆ. ನಮ್ಮ ಕಡೆ 27-28 ಡಿಗ್ರಿ ಎಂದಿಟ್ಟುಕೊಳ್ಳಿ. ಜನವರಿಯ ಬೆಳಗಿನ ಜಾವ ಕೊಳವೆಬಾವಿಯ ನೀರು ಹಬೆಯಾಡುವುದನ್ನು ಎಲ್ಲರೂ ಕಂಡಿದ್ದೇವೆ. ಕಾಲುವೆ, ಹೊಂಡದ ನೀರು ರಾತ್ರಿಯಿಡೀ ಆಕಾಶಕ್ಕೆ ತೆರೆದುಕೊಂಡು ತಣ್ಣಗಾಗಿರುತ್ತದೆ. ಆದ್ದರಿಂದ ಕೊಳವೆಬಾವಿ ಇದ್ದವರು ಸಂಜೆ ಮಡಿಗೆ ತೆಳುವಾಗಿ ನೀರು ಕಟ್ಟಿ, ಬೆಳಿಗ್ಗೆ ತಣ್ಣಗಾದ ಆ ನೀರನ್ನು ಬಸಿದು, ಹಗಲಿನ ಬಿಸಿಲು ನೆಲಕ್ಕೆ ತಾಗುವಂತೆ ಮಾಡಬೇಕು. ರಾತ್ರಿ ನೀರು ಸಸಿಯ ಬುಡವನ್ನು ಬೆಚ್ಚಗಿಡುತ್ತದೆ, ಹಗಲು ಬಸಿದುದರಿಂದ ಬೇರಿಗೆ ಗಾಳಿ ಸಿಗುತ್ತದೆ, ಕೊಳೆಯುವ ಭಯವೂ ಇಲ್ಲ. ಕಾಲುವೆಯ ನೀರು ಮಾತ್ರ ಇದ್ದವರು ಅದನ್ನು ಮಧ್ಯಾಹ್ನದ ಬಿಸಿಲಿನಲ್ಲಿಯೇ ಹಾಯಿಸಿಕೊಂಡು, ಸೂರ್ಯ ಮುಳುಗುವ ಮುನ್ನ ಬಿಸಿಯಾಗಲು ಬಿಡಬೇಕು. ತ್ರೀ ಫೇಸ್ ವಿದ್ಯುತ್ತು ಪಾಳಿಯಲ್ಲಿ ಬರುವಾಗ ಇದು ಹೇಳಿದಷ್ಟು ಸುಲಭವಲ್ಲ ಎಂಬುದು ನನಗೂ ಗೊತ್ತು.

ರಾಯಚೂರು ತೋಟಗಾರಿಕೆ:

ಜೊಳ್ಳಿನ ಮಾತು ನಿಜ. ತೆನೆ ಹೊರಬರುವುದಕ್ಕೆ ಸುಮಾರು ಹತ್ತು ಹನ್ನೆರಡು ದಿನ ಮುಂಚೆ, ಹೊಡೆಯೊಳಗೆ ಪರಾಗ ರೂಪುಗೊಳ್ಳುವ ಹೊತ್ತಿನಲ್ಲಿ ಕೆಲವು ರಾತ್ರಿ ಸತತವಾಗಿ 15-17 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಬಂಜೆಯಾಗುತ್ತದೆ. ನಮ್ಮ ಬೇಸಿಗೆ ಬೆಳೆ ಆ ಹಂತಕ್ಕೆ ಬರುವ ವೇಳೆಗೆ ಚಳಿ ಮುಗಿದಿರುವುದರಿಂದ ಅಲ್ಲಿ ಭಯವಿಲ್ಲ. ಕಾಲುವೆಗೆ ನೀರು ತಡವಾಗಿ ಬಂದು ಮುಂಗಾರಿ ನಾಟಿ ಹಿಂದೆ ಬಿದ್ದ ವರ್ಷ ಮಾತ್ರ ಹೊಡೆಯ ಹಂತ ನವೆಂಬರ್ ಕೊನೆ, ಡಿಸೆಂಬರಿನ ಚಳಿಗೆ ಸಿಕ್ಕಿಬೀಳುತ್ತದೆ. ಆಗ ಬೆಳೆಯುತ್ತಿರುವ ತೆನೆ ಇನ್ನೂ ಬುಡಕ್ಕೆ ಹತ್ತಿರವಿರುತ್ತದೆ. ಆ ಕೆಲವು ದಿನ ಗದ್ದೆಯಲ್ಲಿ ಗೇಣು ಎತ್ತರ ನೀರು ನಿಲ್ಲಿಸಿದರೆ ತೆನೆಗೆ ನೀರೇ ಕಂಬಳಿಯಾಗುತ್ತದೆ. ಜಪಾನಿನ ತಂಪು ಸೀಮೆಯ ಭತ್ತದ ರೈತರು ಈ ಕ್ರಮವನ್ನು ಅನುಸರಿಸುತ್ತಾರೆ.

ಕಂಪ್ಲಿ ಬಾಳೆತೋಟ:

ಎಲ್ಲರಿಗೂ ಅನಂತ ವಂದನೆಗಳು. ಅಕ್ಕಾವರು ಹೇಳಿದಂತೆ ಎಲೆಗಳನ್ನು ಬಿಸಿಲಿಗೆ ಹಿಡಿದು ನೋಡಿದೆ; ಚುಕ್ಕೆ ಗೆರೆಗಳು ಎಲ್ಲಿಯೂ ಇಲ್ಲ. ಬಲಿಯುತ್ತಿದ್ದ ಒಂದು ಗೊನೆಯ ಕಾಯಿಯ ಸಿಪ್ಪೆಯನ್ನು ಬ್ಲೇಡಿನಿಂದ ತೆಳುವಾಗಿ ಹೆರೆದಾಗ, ಹಸಿರು ಪದರದ ಕೆಳಗೆ ಉದ್ದುದ್ದಕ್ಕೆ ಕೂದಲೆಳೆಯಷ್ಟು ಸಣ್ಣ ಕಂದು ಗೀರುಗಳು ಕಂಡವು, ಹಾಲು ಸಹ ಎಂದಿನಂತೆ ಒಸರಲಿಲ್ಲ. ತೋಟದ ತಗ್ಗಿನಂಚಿನಲ್ಲಿ ಚೊಗಚೆಯ ಸಾಲು ದಟ್ಟವಾಗಿದ್ದು ಗಾಳಿಗೆ ಅಡ್ಡವಾಗಿದೆ, ಅದರ ಕೆಳಗಿನ ಕೊಂಬೆಗಳನ್ನು ಸವರಿಸುತ್ತಿದ್ದೇನೆ. ಔಷಧಿ ತರುವುದನ್ನು ಕೈಬಿಟ್ಟಿದ್ದೇನೆ. ಇನ್ನು ಎರಡೇ ಪ್ರಶ್ನೆ: ಹಳದಿಯಾದ ಎಲೆಗಳನ್ನು ಕೊಯ್ದು ತೆಗೆಯಬೇಕೇ? ಕೊರಳಲ್ಲಿ ಸಿಕ್ಕಿಕೊಂಡ ಗೊನೆಗೆ ಏನು ಮಾಡಬೇಕು?

ರಾಯಚೂರು ತೋಟಗಾರಿಕೆ:

ಆ ಕಂದು ಗೀರುಗಳೇ ಶೀತಹಾನಿಯ ಅತ್ಯಂತ ನಂಬಲರ್ಹ ಗುರುತು, ಅಣ್ಣಾವರೇ. ಅಂಥ ಕಾಯಿ ಹಣ್ಣಾದಾಗ ಬಂಗಾರದ ಬಣ್ಣಕ್ಕೆ ಬಾರದೆ ಬೂದು ಛಾಯೆಯ ಮಂಕು ಹಳದಿಯಾಗುತ್ತದೆ. ತಿನ್ನಲು ತೊಂದರೆಯಿಲ್ಲ, ಬೆಲೆ ಮಾತ್ರ ಕಡಿಮೆ ಸಿಗಬಹುದು. ಆದ್ದರಿಂದ ವ್ಯಾಪಾರಸ್ಥರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಹಳದಿಯಾದ ಎಲೆಗಳನ್ನು ಈಗ ಕೊಯ್ಯಬೇಡಿ. ಅವು ಅರೆಜೀವವಾಗಿದ್ದರೂ ಗೊನೆಗೂ ದಿಂಡಿಗೂ ರಾತ್ರಿಯ ಆಕಾಶದಿಂದ ಮರೆಯಾಗಿರುತ್ತವೆ. ಪೂರ್ತಿ ಒಣಗಿದ, ರೋಗವಿದ್ದ ಎಲೆಗಳನ್ನು ಮಾತ್ರ ತೆಗೆಯಿರಿ. ಸಿಕ್ಕಿಕೊಂಡ ಗೊನೆಯಿರುವ ಗಿಡದಲ್ಲಿ, ಗೊನೆಯ ದಂಟಿಗೆ ಗಾಯವಾಗದಂತೆ, ಕೊರಳನ್ನು ಬಿಗಿದಿರುವ ಎಲೆಯ ಬುಡವನ್ನು ಹೊರಮೈಯಿಂದ ಉದ್ದಕ್ಕೆ ಮೆಲ್ಲಗೆ ಸೀಳಿ ಸಡಿಲಿಸಬಹುದು. ಇದನ್ನು ಬಿಸಿಲಿರುವ ಮಧ್ಯಾಹ್ನ, ಸ್ವಚ್ಛ ಕುಡುಗೋಲಿನಿಂದ, ಕೆಲಸ ಬಲ್ಲವರ ಕೈಯಲ್ಲೇ ಮಾಡಿಸಿ. ಈಗಾಗಲೇ ಪೂರ್ತಿ ಹೊರಬಂದ ಗೊನೆಗಳಿಗೆ ಬಟ್ಟೆಯಂಥ ಗೊನೆಚೀಲ ತೊಡಿಸಿದರೆ ಒಳಗಿನ ಹವೆ ಸ್ವಲ್ಪ ಬೆಚ್ಚಗಿರುತ್ತದೆ. ಯೂರಿಯಾವನ್ನು ಚಳಿ ಇಳಿಯುವವರೆಗೆ ನಿಲ್ಲಿಸಿ, ಪೊಟ್ಯಾಷ್ ನಿಲ್ಲಿಸಬೇಡಿ.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ. ಈ ಚಳಿಯ ದಿನಗಳಲ್ಲಿ ದಿಂಡಿನೊಳಗೆ ಗೊನೆಯ ಮೊಳಕೆ ರೂಪುಗೊಂಡ ಗಿಡಗಳಿದ್ದರೆ, ಮೇಲ್ನೋಟಕ್ಕೆ ಅವು ಆರೋಗ್ಯವಾಗಿ ಕಂಡರೂ, ತಿಂಗಳುಗಳ ಬಳಿಕ ಬಿಸಿಲುಗಾಲದಲ್ಲಿ ಕಡಿಮೆ ಹಣಿಗೆಗಳ (ಚಿಪ್ಪುಗಳ), ಸೊಟ್ಟ ಕಾಯಿಗಳ ಗೊನೆ ಬರಬಹುದು. ಪಪ್ಪಾಯದಲ್ಲಿಯೂ ಈಗ ಮೊಗ್ಗಾಗುವ ದ್ವಿಲಿಂಗಿ ಹೂಗಳ ಕೇಸರಗಳು ಅಂಡಾಶಯಕ್ಕೆ ಅಂಟಿಕೊಂಡು, ಮುಂದೆ ಬೆನ್ನು ಸೀಳಿದಂಥ ವಿಕಾರ ಕಾಯಿಗಳಾಗುತ್ತವೆ. ಅಂಥ ಎಳೆಗಾಯಿಗಳನ್ನು ಬೆರಳುಗಾತ್ರದಲ್ಲಿದ್ದಾಗಲೇ ಕಿತ್ತುಹಾಕಿ, ಒಳ್ಳೆಯ ಕಾಯಿಗಳಿಗೆ ಜಾಗ ಬಿಡಿ. ಗಿಡಗಳ ಮೇಲೆ ಯಾವ ಯಾವ ಸಾಲು ಈ ವಾರ ಹೆಚ್ಚು ಸೊರಗಿತು ಎಂದು ಬಣ್ಣದಿಂದ ಗುರುತು ಹಾಕಿಟ್ಟರೆ, ಏಪ್ರಿಲ್ ಮೇ ತಿಂಗಳಲ್ಲಿ ಬಂದ ಗೊನೆಯನ್ನು ನೋಡಿ ಯಾರೂ ಹೊಸ ರೋಗದ ಹೆಸರು ಹೇಳಿ ನಿಮಗೆ ಔಷಧಿ ಮಾರಲಾರರು.

ಕಂಪ್ಲಿ ಬಾಳೆತೋಟ:

ಸುಣ್ಣದ ಗುರುತು ಹಾಕಲು ಇವತ್ತೇ ಆಳುಗಳಿಗೆ ಹೇಳುತ್ತೇನೆ, ಅಕ್ಕಾವರೇ. ಗೊನೆಚೀಲ ಗಂಗಾವತಿಯಲ್ಲಿ ಸಿಗುತ್ತದೆಯೋ ಹೊಸಪೇಟೆಗೇ ಹೋಗಬೇಕೋ, ತಿಳಿದವರು ಬರೆಯಿರಿ.